ಚಳಿಗಾಲದಲ್ಲಿ ತೀರ್ಥನ್ ಕಣಿವೆ: ಬೆಚ್ಚಗೆ ಇದ್ದು ಬರಲು ಒಂದು ಸಮಗ್ರ ಮಾರ್ಗದರ್ಶಿ

"ಬೆಂಗಳೂರಿನ ಚಳಿಗೇ ಎರಡು ಕಂಬಳಿ ಬೇಕು ನಿನಗೆ. ಜನವರಿಯಲ್ಲಿ ಹಿಮಾಲಯಕ್ಕೆ ಹೋಗಿ ಏನು ಮಾಡ್ತೀಯ?" ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ಮೊದಲ ಸಲ ಹೋದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನದಿಗೆ ಅಂಟಿಕೊಂಡಂತಿದ್ದ ಒಂದು ಕೋಣೆಯನ್ನು ಫೋಟೋ ನೋಡಿ ಬುಕ್ ಮಾಡಿದ್ದೆ. ಕಿಟಕಿ ತೆರೆದರೆ ಹಸಿರು ನೀರು, ಬಿಳಿ ನೊರೆ, ದುಂಡು ಬಂಡೆಗಳು. ಫೋಟೋದಲ್ಲಿ ಇದ್ದದ್ದೆಲ್ಲ ಅಲ್ಲಿತ್ತು. ಬಿಸಿಲು ಮಾತ್ರ ಇರಲಿಲ್ಲ. ಮೂರು ದಿನ ಆ ಕೋಣೆಯೊಳಗೆ ಒಂದು ಗೆರೆ ಬಿಸಿಲೂ ಬೀಳಲಿಲ್ಲ. ನಾವು ಜಾಕೆಟ್ ಮೇಲೆ ಜಾಕೆಟ್ ಹಾಕಿ ನಡುಗುತ್ತಿದ್ದರೆ, ಎದುರು ದಡದ ಇಳಿಜಾರಿನಲ್ಲಿ ಒಬ್ಬ ಅಜ್ಜಿ ಬರೀ ಸ್ವೆಟರ್‌ನಲ್ಲಿ ಅಂಗಳದಲ್ಲಿ ಕೂತು ಸಾಕ್ಸ್ ಹೆಣೆಯುತ್ತಿದ್ದಳು. ಅವಳಿಗೂ ನಮಗೂ ನಡುವೆ ಒಂದು ನದಿಯಷ್ಟೇ ಅಂತರ. ಅವಳ ಕಡೆ ಬಿಸಿಲು, ನಮ್ಮ ಕಡೆ ನೆರಳು.

ಚಳಿಗಾಲದಲ್ಲಿ ಬೆಟ್ಟದ ಕಮರಿಗೆ ಹೋಗುವವರು ನದಿಯನ್ನು ನೋಡಿ ಕೋಣೆ ಹಿಡಿಯಬಾರದು, ಬಿಸಿಲನ್ನು ನೋಡಿ ಹಿಡಿಯಬೇಕು. ಈ ಬರಹದಲ್ಲಿ ಹೇಳುವ ಎಲ್ಲವೂ ಈ ಒಂದು ಮಾತಿನ ಸುತ್ತಲೇ ಇದೆ.

ಜಾಗ ಎಲ್ಲಿದೆ ಅಂತ ಮೊದಲು ಹೇಳಿಬಿಡುತ್ತೇನೆ. ತೀರ್ಥನ್ ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ನದಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಎತ್ತರದ ಬೆಟ್ಟಗಳಲ್ಲಿ ಹುಟ್ಟಿ, ಕಿರಿದಾದ ಕಣಿವೆಯಲ್ಲಿ ಇಳಿದು, ಲಾರ್ಜಿ ಹತ್ತಿರ ಸೈಂಜ್ ಮತ್ತು ಬಿಯಾಸ್ ನದಿಗಳನ್ನು ಕೂಡುತ್ತದೆ. ಈ ಉದ್ಯಾನಕ್ಕೆ 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮಾನ್ಯತೆ ಸಿಕ್ಕಿತು. ಮನಾಲಿಯ ಗದ್ದಲ ಇಲ್ಲಿಲ್ಲ. ಮಾಲ್ ರೋಡ್ ಇಲ್ಲ, ಕೇಬಲ್ ಕಾರ್ ಇಲ್ಲ. ಅದಕ್ಕೇ ಇದನ್ನು ಆರಿಸಿಕೊಂಡದ್ದು.

ಹೆಜ್ಜೆ 1: ದಿನಾಂಕ ಗೊತ್ತು ಮಾಡಿ

ಚಳಿಗಾಲ ಅಂದರೆ ಒಂದೇ ಚಳಿಗಾಲ ಅಲ್ಲ, ಅದರಲ್ಲಿ ಮೂರು ತುಂಡುಗಳಿವೆ.

ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಆಕಾಶ ಶುಭ್ರ. ಹಗಲು ಹಿತವಾದ ಬಿಸಿಲು, ರಾತ್ರಿ ಕೊರೆಯುವ ಚಳಿ. ಜನ ಕಡಿಮೆ. ಮೊದಲ ಸಲ ಹೋಗುವವರಿಗೆ, ಮಕ್ಕಳು ಹಿರಿಯರು ಜೊತೆಗಿದ್ದವರಿಗೆ ಇದೇ ಒಳ್ಳೆಯ ಹೊತ್ತು. ಹಿಮ ಮಾತ್ರ ಸಿಗುವ ಖಾತ್ರಿ ಇಲ್ಲ.

ಡಿಸೆಂಬರ್ 20ರಿಂದ ಜನವರಿ 2ರವರೆಗೆ ಹೋಗಲೇಬೇಡಿ. ದಿಲ್ಲಿ, ಚಂಡೀಗಡದ ಅರ್ಧ ಊರೇ ಅಲ್ಲಿರುತ್ತದೆ. ಬಾಡಿಗೆ ದುಬಾರಿ, ಹತ್ತಿರದ ಊರಾದ ಜೀಭಿಯ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲು.

ಜನವರಿ ನಡುವಿನಿಂದ ಫೆಬ್ರವರಿ ಕೊನೆವರೆಗಿನದು ನನಗೆ ಇಷ್ಟವಾದ ಕಾಲ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು ಆಗಾಗ ಮೋಡ ತರುತ್ತವೆ. ಕೆಳಗೆ ಮಳೆ, ಮೇಲೆ ಹಿಮ. ಎರಡು ಮೂರು ದಿನ ಸುರಿದು ಆಮೇಲೆ ಆಕಾಶ ತೊಳೆದಿಟ್ಟಂತೆ ಆಗುತ್ತದೆ. ಹವಾಮಾನ ಇಲಾಖೆಯ ಶಿಮ್ಲಾ ಕೇಂದ್ರದ ಮುನ್ಸೂಚನೆಯನ್ನು ಹೊರಡುವ ವಾರದಲ್ಲಿ ದಿನಾ ನೋಡುತ್ತಿರಿ. ಇಂಥ ಮಾರುತ ಮುಗಿದ ಮರುದಿನ ತಲುಪಿದರೆ ಅದೃಷ್ಟ. ಅದರ ಜೊತೆಗೇ ಅಲ್ಲಿ ಕಾಲಿಟ್ಟರೆ ರಸ್ತೆ ಮುಚ್ಚಿ ಎಲ್ಲೋ ಸಿಕ್ಕಿಕೊಳ್ಳಬಹುದು.

ಫೆಬ್ರವರಿಗೆ ಇನ್ನೊಂದು ಆಕರ್ಷಣೆಯೂ ಇದೆ. ಆ ತಿಂಗಳ ನಡುವಿಗೆ, ಇಲ್ಲಿನ ಪೇಟೆ ಊರಾದ ಬಂಜಾರ್ ಸುತ್ತಲಿನ ಹಳ್ಳಿಗಳಲ್ಲಿ ಫಾಗ್ಲಿ ಹಬ್ಬ. ಮರದ ಮುಖವಾಡ ಹಾಕಿ, ಒಣಹುಲ್ಲಿನ ಉಡುಗೆ ಕಟ್ಟಿಕೊಂಡು ಗಂಡಸರು ಕುಣಿಯುತ್ತಾರೆ. ಕೆಟ್ಟ ಶಕ್ತಿಗಳನ್ನು ಓಡಿಸುವ ಕುಣಿತ ಅದು. ಸೋಮನ ಕುಣಿತ ನೋಡಿ ಬೆಳೆದವರಿಗೆ ಮುಖವಾಡದ ಮುಂದೆ ನಿಂತಾಗ ಆಗುವ ಪುಳಕ ಪರಿಚಿತವೇ.

ಎಷ್ಟು ದಿನ ಬೇಕು? ಕಣಿವೆಯಲ್ಲಿ ನಾಲ್ಕು ರಾತ್ರಿ, ಪ್ರಯಾಣಕ್ಕೆ ಎರಡು ದಿನ, ಕೈಯಲ್ಲಿ ಒಂದು ದಿನ ಹೆಚ್ಚುವರಿ. ಒಟ್ಟು ಒಂದು ವಾರ. ಮೂರು ದಿನದ ವೀಕೆಂಡ್‌ಗೆ ಬೆಂಗಳೂರಿನಿಂದ ಇಲ್ಲಿಗೆ ಬರುವುದು ಸುಮ್ನೆ ದಂಡ.

ಹೆಜ್ಜೆ 2: ಯಾವ ಊರು?

ಒಂದೇ ಊರು ಆರಿಸಿ, ಅಲ್ಲೇ ಇರಿ. ದಿನಕ್ಕೊಂದು ಹೋಟೆಲ್ ಬದಲಿಸುವ ಆಟ ಬೇಸಿಗೆಗೆ ಸರಿ. ಚಳಿಯಲ್ಲಿ ಒಂದು ಕೋಣೆ ಬೆಚ್ಚಗಾಗಲು ಒಂದು ಸಂಜೆ ಬೇಕು, ನಿಮ್ಮ ಮೈ ಹೊಂದಿಕೊಳ್ಳಲು ಒಂದು ದಿನ ಬೇಕು.

ಆಯ್ಕೆಗೆ ಎತ್ತರವೇ ಅಳತೆಗೋಲು. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ನಾಗಿನಿ ಮತ್ತು ಗುಶೈನಿ ತೀರ್ಥನ್ ದಡದಲ್ಲೇ ಇವೆ, ಎತ್ತರ ಸುಮಾರು 1,500ರಿಂದ 1,600 ಮೀಟರ್. ಇಲ್ಲಿ ರಾತ್ರಿ ಸೊನ್ನೆಯ ಆಸುಪಾಸು. ಹಿಮ ಬೀಳುವುದು ಅಪರೂಪ, ಬಿದ್ದರೂ ಹೆಚ್ಚು ದಿನ ನಿಲ್ಲುವುದಿಲ್ಲ. ಜೀಭಿ ಸುಮಾರು ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರ. ದೇವದಾರು ಮರಗಳು, ಸಣ್ಣ ತೊರೆ, ಕೆಫೆಗಳು, ಜಾಸ್ತಿ ಜನ. ಶೋಜಾ ಇನ್ನೂ ಮೇಲೆ, ಹತ್ತಿರ ಹತ್ತಿರ 2,600 ಮೀಟರ್. ಹಿಮದ ನಡುವೆಯೇ ಇರಬೇಕು ಅನ್ನುವವರಿಗೆ ಅದು. ಆದರೆ ಹಿಮ ಬಿದ್ದಾಗ ರಸ್ತೆ ಕಟ್ ಆಗುತ್ತದೆ, ನಲ್ಲಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ.

ನನ್ನ ಸಲಹೆ: ಗುಶೈನಿ ಅಥವಾ ನಾಗಿನಿಯಲ್ಲಿ ಇರಿ, ಹಿಮ ನೋಡಲು ಒಂದು ದಿನ ಮೇಲೆ ಹೋಗಿ ಬನ್ನಿ. ನದಿಯ ಜೊತೆ ಇರಲು ಬಂದವರು ನದಿಯ ಹತ್ತಿರವೇ ಇರಬೇಕು. ಎಷ್ಟು ಹತ್ತಿರ ಅನ್ನುವುದು ಮುಂದಿನ ಮಾತು.

ಹೆಜ್ಜೆ 3: ಕೋಣೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಪ್ರವಾಸ ಬೆಚ್ಚಗಿರುತ್ತದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನ ಆಗುತ್ತದೆ.

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 53 ಡಿಗ್ರಿಯಷ್ಟು ಮೇಲಿರುತ್ತಾನೆ. ತೀರ್ಥನ್‌ನಲ್ಲಿ ಬರೀ 35 ಡಿಗ್ರಿ. ದಕ್ಷಿಣಕ್ಕೆ ಕಡಿದಾದ ಬೆಟ್ಟ ಇದ್ದರೆ ಸೂರ್ಯ ಅದರ ಹಿಂದೆಯೇ ಹಾದು ಹೋಗುತ್ತಾನೆ. ಆ ಬೆಟ್ಟದ ಬುಡದಲ್ಲಿರುವ ಮನೆಗೆ ಇಡೀ ಚಳಿಗಾಲ ಬಿಸಿಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಎದುರು ಇಳಿಜಾರಿಗೆ ಮಾತ್ರ ಬೆಳಗ್ಗೆ ಒಂಬತ್ತೂವರೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಚೆನ್ನಾಗಿ ಬಿಸಿಲು.

ಇನ್ನೊಂದು ವಿಷಯ. ತಣ್ಣನೆ ಗಾಳಿ ಭಾರ. ರಾತ್ರಿ ಅದು ನೀರಿನಂತೆ ಇಳಿಜಾರಿನಲ್ಲಿ ಕೆಳಗಿಳಿದು ನದಿಯ ಪಾತ್ರದಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ದಡದಿಂದ ಐವತ್ತು ಅರವತ್ತು ಮೀಟರ್ ಮೇಲಿನ ಮನೆ, ದಡದ ಮನೆಗಿಂತ ಬೆಚ್ಚಗೆ. ನದಿ ಕಾಣುತ್ತದೆ, ಸದ್ದು ಕೇಳುತ್ತದೆ, ಚಳಿ ಮಾತ್ರ ಸ್ವಲ್ಪ ಕಡಿಮೆ. ಹಳೆಯ ಹಳ್ಳಿಗಳೆಲ್ಲ ಮೇಲಿವೆ, ಹೊಸ ಕಾಟೇಜುಗಳು ಮಾತ್ರ ದಡದಲ್ಲಿವೆ. ಊರಿನವರಿಗೆ ಗೊತ್ತಿಲ್ಲದೆಯೇ ಮೇಲೆ ಕಟ್ಟಿಕೊಂಡರಾ? ಪ್ರವಾಹದ ಭಯ ಕೂಡ ಅದಕ್ಕೆ ಕಾರಣ. 2023ರ ಜುಲೈನಲ್ಲಿ ಕುಲ್ಲು ಜಿಲ್ಲೆಯಲ್ಲಿ ನದಿಗಳು ಉಕ್ಕಿ ದಡದ ಕಟ್ಟಡಗಳನ್ನೇ ಎಳೆದುಕೊಂಡು ಹೋದದ್ದನ್ನು ಟೀವಿಯಲ್ಲಿ ನೋಡಿದ್ದೀರಿ.

ಮನೆಯಲ್ಲೇ ಕೂತು ಇದನ್ನೆಲ್ಲ ಪತ್ತೆ ಮಾಡಬಹುದು. ಉಪಗ್ರಹ ಚಿತ್ರದ ನಕ್ಷೆ ತೆರೆಯಿರಿ. ಹಿಮಾಲಯದಲ್ಲಿ ಒಂದು ಸುಲಭ ಗುರುತಿದೆ: ದಟ್ಟ ಕಾಡಿರುವ ಬದಿ ಸಾಮಾನ್ಯವಾಗಿ ನೆರಳಿನ ಬದಿ, ಹುಲ್ಲು, ಹೊಲ, ಮನೆಗಳಿರುವ ಬದಿ ಬಿಸಿಲಿನ ಬದಿ. ನಿಮ್ಮ ಹೋಮ್‌ಸ್ಟೇ ಯಾವ ಬದಿಯಲ್ಲಿದೆ ನೋಡಿ. ಆಮೇಲೆ ಫೋನ್ ಮಾಡಿ. ಆ್ಯಪ್‌ನಲ್ಲಿ ಬಟನ್ ಒತ್ತಿ ಸುಮ್ಮನಾಗಬೇಡಿ. ಹಿಂದಿ ಅಷ್ಟಕ್ಕಷ್ಟೇ ಬಂದರೂ ಪರವಾಗಿಲ್ಲ, ಮನೆಯವರು ತಾಳ್ಮೆಯಿಂದ ಮಾತಾಡುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಇವು:

- ಈ ತಿಂಗಳಲ್ಲಿ ಕೋಣೆಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ? "ಬರುತ್ತದೆ ಸಾರ್" ಅಂದರೆ ಸಾಲದು, ಗಂಟೆ ಹೇಳಲಿ.
- ತಂದೂರ್ ಇದೆಯಾ? ಕೋಣೆಯಲ್ಲೋ, ಊಟದ ಮನೆಯಲ್ಲೋ? ಸೌದೆಗೆ ಬೇರೆ ದುಡ್ಡಾ?
- ಕರೆಂಟ್ ಹೋದರೆ ಬಿಸಿನೀರಿಗೆ ಏನು ವ್ಯವಸ್ಥೆ?
- ಬಚ್ಚಲು ಕೋಣೆಗೆ ಅಂಟಿಕೊಂಡಿದೆಯಾ? ರಾತ್ರಿ ಎರಡು ಗಂಟೆಗೆ ಇದರ ಬೆಲೆ ಗೊತ್ತಾಗುತ್ತದೆ.
- ಕಾರು ನಿಲ್ಲುವ ಜಾಗದಿಂದ ಎಷ್ಟು ನಡೆಯಬೇಕು? ನದಿ ದಾಟಬೇಕಾ?

ಕೊನೆಯ ಪ್ರಶ್ನೆ ತಮಾಷೆಯಲ್ಲ. ಗುಶೈನಿ ಕಡೆ ಕೆಲವು ಮನೆಗಳಿಗೆ ಹೋಗಲು ನದಿಯ ಮೇಲೆ ತಂತಿಗೆ ತೂಗುಹಾಕಿದ ತೊಟ್ಟಿಲಲ್ಲಿ ಕೂತು ಹಗ್ಗ ಎಳೆಸಿಕೊಂಡು ದಾಟಬೇಕು. ಮಕ್ಕಳಿಗೆ ಹಬ್ಬ, ಮಂಡಿನೋವಿನ ಅತ್ತೆಗೆ ಅಲ್ಲ.

ತಂದೂರ್ ಅಂದಾಗ ರೊಟ್ಟಿ ಸುಡುವ ಒಲೆ ನೆನಪಾಗುತ್ತದೆ ಅಲ್ವಾ? ಇಲ್ಲಿ ಅದು ಬೇರೆ. ಕೋಣೆಯ ನಡುವೆ ಇಡುವ ಕಬ್ಬಿಣದ ಸೌದೆ ಒಲೆ. ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಮೇಲೆ ನೀರಿನ ಪಾತ್ರೆ ಕುದಿಯುತ್ತಿರುತ್ತದೆ, ಮನೆಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ಮಲೆನಾಡಿನ ಬಚ್ಚಲೊಲೆಯ ಮುಂದೆ ಮಳೆಗಾಲದಲ್ಲಿ ಕೂತವರಿಗೆ ಈ ಸುಖ ಗೊತ್ತು. ತಂದೂರ್ ಇರುವ ಸಾಧಾರಣ ಮನೆ, ತಂದೂರ್ ಇಲ್ಲದ ಗಾಜಿನ ಗೋಡೆಯ ಚೆಂದದ ಕಾಟೇಜಿಗಿಂತ ಎಷ್ಟೋ ಮೇಲು. ಗಾಜಿನ ಮೂಲಕ ಬಿಸಿ ಹೊರಗೆ ಸೋರಿ ಹೋಗುತ್ತದೆ. ಹಳೆಯ ಕಾಠ್‌ಕುಣಿ ಮನೆಗಳಲ್ಲಿ ಮರದ ತೊಲೆ ಒಂದು ಸಾಲು, ಕಲ್ಲು ಒಂದು ಸಾಲು ಅಂತ ದಪ್ಪ ಗೋಡೆ ಕಟ್ಟುತ್ತಾರೆ, ಗಾರೆ ಇಲ್ಲ. ಕಿಟಕಿ ಚಿಕ್ಕವು. ಒಳಗೆ ಸ್ವಲ್ಪ ಕತ್ತಲೆ ಅನ್ನಿಸಬಹುದು, ಆದರೆ ಬೆಚ್ಚಗಿರುತ್ತದೆ.

ಇನ್ನು ಒಂದು ಎಚ್ಚರಿಕೆ, ಇದನ್ನು ಮರೆಯಬೇಡಿ. ಇದ್ದಿಲ ಅಂಗೀಠಿಯನ್ನು, ಅಂದರೆ ಕೊಳವೆ ಇಲ್ಲದ ಕೆಂಡದ ಒಲೆಯನ್ನು, ಮಲಗುವ ಕೋಣೆಯೊಳಗೆ ಇಟ್ಟುಕೊಳ್ಳಬೇಡಿ, ಎಷ್ಟೇ ಚಳಿ ಇರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದಿಲ್ಲ. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲ ಇಂಥ ಸಾವುಗಳ ಸುದ್ದಿ ಬರುತ್ತದೆ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಕೊಳವೆ ಇರುವ ತಂದೂರ್ ಆದರೂ ಮಲಗುವ ಮುಂಚೆ ಬೆಂಕಿ ಇಳಿಯಲಿ, ಕಿಟಕಿ ಒಂದು ಬೆರಳು ತೆರೆದಿರಲಿ. ರಾತ್ರಿಗೆ ದಪ್ಪ ರಜಾಯಿ ಮತ್ತು ಬಿಸಿನೀರಿನ ರಬ್ಬರ್ ಚೀಲ ಸಾಕು. ಚೀಲವನ್ನು ಕಾಲ ಬುಡದಲ್ಲಿ ಇಟ್ಟುಕೊಂಡರೆ ಹತ್ತೇ ನಿಮಿಷದಲ್ಲಿ ನಿದ್ದೆ.

ಹೆಜ್ಜೆ 4: ದಾರಿ

ಎರಡು ದಾರಿಗಳಿವೆ.

ಒಂದು, ಬೆಂಗಳೂರಿನಿಂದ ದಿಲ್ಲಿಗೆ ವಿಮಾನ, ಸಂಜೆ ಮನಾಲಿ ಕಡೆಯ ವೋಲ್ವೋ ಬಸ್, ಬೆಳಗಿನ ಜಾವ ಔಟ್‌ನಲ್ಲಿ ಇಳಿಯುವುದು. ಹೌದು, ಊರ ಹೆಸರೇ ಔಟ್. ಅಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗ ಇದೆ, ಅದಕ್ಕೆ ಮುಂಚೆಯೇ ಬಂಜಾರ್ ರಸ್ತೆ ಕವಲೊಡೆಯುತ್ತದೆ. ಸುರಂಗಕ್ಕೆ ಮುಂಚೆ ಇಳಿಸಿ ಎಂದು ಕಂಡಕ್ಟರ್‌ಗೆ ಹತ್ತುವಾಗಲೇ ಹೇಳಿ, ಮಲಗುವ ಮುಂಚೆ ಇನ್ನೊಮ್ಮೆ ಹೇಳಿ. ನಮ್ಮ ಜೊತೆ ಬಂದಿದ್ದ ಒಬ್ಬರು ನಿದ್ದೆ ಹೋಗಿ ಕುಲ್ಲುವಿನಲ್ಲಿ ಎದ್ದರು. ಅಲ್ಲಿಂದ ವಾಪಸ್ ಬರುವಷ್ಟರಲ್ಲಿ ಅವರ ಪಾಲಿನ ಪರಾಠ ಮುಗಿದಿತ್ತು.

ಇನ್ನೊಂದು, ನಾನು ಮೆಚ್ಚುವುದು: ಚಂಡೀಗಡಕ್ಕೆ ವಿಮಾನ, ಅಲ್ಲಿ ರಾತ್ರಿ ತಂಗಿ, ಬೆಳಗ್ಗೆ ಟ್ಯಾಕ್ಸಿ. ಕೀರತ್‌ಪುರದಿಂದ ನೇರ್‌ಚೌಕ್‌ವರೆಗಿನ ಚತುಷ್ಪಥ ರಸ್ತೆ ತೆರೆದ ಮೇಲೆ ಬಿಲಾಸ್‌ಪುರದ ಹಳೆಯ ತಿರುವುಗಳು ತಪ್ಪಿವೆ. ಆದರೂ ಮಂಡಿ ದಾಟಿ ಪಂಡೋಹ್ ಕಡೆಯ ಕಮರಿಯಲ್ಲಿ ಗುಡ್ಡ ಕುಸಿತ, ಕಾಮಗಾರಿ ಎಂದು ನಿಲ್ಲುವುದು ಇದ್ದೇ ಇದೆ. ಪೂರ್ತಿ ದಿನ ಇಟ್ಟುಕೊಳ್ಳಿ. ಏಳು ಗಂಟೆಗೆ ಹೊರಟರೆ ಬೆಳಕಿರುವಾಗಲೇ ತಲುಪಬಹುದು. ರೈಲು ಇಷ್ಟಪಡುವವರಿಗೆ ಯಶವಂತಪುರದಿಂದ ಚಂಡೀಗಡಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ಇದೆ. ಹುಬ್ಬಳ್ಳಿಯವರಿಗೂ ಅನುಕೂಲ.

ಕುಲ್ಲು ಹತ್ತಿರದ ಭುಂತರ್‌ನಲ್ಲಿ ವಿಮಾನ ನಿಲ್ದಾಣ ಇದೆ. ಸಣ್ಣ ವಿಮಾನಗಳು, ಹವಾಮಾನ ಕೆಟ್ಟರೆ ರದ್ದು. ಚಳಿಗಾಲದಲ್ಲಿ ಅದನ್ನು ನಂಬಿ ಯೋಜನೆ ಹಾಕಬೇಡಿ.

ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಬಯಲಿನಲ್ಲಿ ಮಂಜು ಕವಿಯುತ್ತದೆ. ದಿಲ್ಲಿ, ಚಂಡೀಗಡ ಎರಡೂ ಕಡೆ ಬೆಳಗಿನ ವಿಮಾನ ತಡ. ಮಧ್ಯಾಹ್ನ ಇಳಿಯುವ ವಿಮಾನ ಹಿಡಿಯಿರಿ. ಒಂದು ದಿನ ಹೆಚ್ಚುವರಿ ಅಂದದ್ದು ಇದಕ್ಕೇ.

ಔಟ್‌ನಿಂದ ಬಂಜಾರ್ ಕಡೆ ತಿರುಗಿದ ಮೇಲೆ ಕಣ್ಣು ಬಿಟ್ಟು ಕೂರಿ. ಲಾರ್ಜಿ ಹತ್ತಿರ ಬಂಡೆಗೋಡೆಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ರಸ್ತೆಯ ಒಂದು ಬದಿ ತಲೆಯ ಮೇಲೆ ಚಾಚಿದ ಕಲ್ಲು, ಇನ್ನೊಂದು ಬದಿ ಕೆಳಗೆ ನೀರು. ಬಿಯಾಸ್‌ಗೆ ಇಲ್ಲಿ ಅಣೆಕಟ್ಟು ಕಟ್ಟಿ 126 ಮೆಗಾವಾಟ್ ವಿದ್ಯುತ್ ತೆಗೆಯುತ್ತಾರೆ. ಅದರಿಂದ ಸ್ವಲ್ಪ ಕೆಳಗೆ, ಥಲೌಟ್ ಬಳಿ, 2014ರ ಜೂನ್‌ನಲ್ಲಿ ಹೈದರಾಬಾದಿನಿಂದ ಬಂದಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ನದಿಯ ಬಂಡೆಗಳ ಮೇಲೆ ನಿಂತಿದ್ದಾಗ ಅಣೆಕಟ್ಟಿನಿಂದ ಬಿಟ್ಟ ನೀರು ನುಗ್ಗಿ ಕೊಚ್ಚಿಕೊಂಡು ಹೋಯಿತು. ಆ ಜಾಗ ದಾಟುವಾಗ ಚಾಲಕರು ಇವತ್ತಿಗೂ ಕೈ ತೋರಿಸಿ ಹೇಳುತ್ತಾರೆ. ಅಣೆಕಟ್ಟಿನ ಕೆಳಗಿನ ನದಿಗೆ, ನೀರು ಎಷ್ಟೇ ಕಡಿಮೆ ಕಾಣಲಿ, ಫೋಟೋಗಾಗಿ ಇಳಿಯಬೇಡಿ.

ತೀರ್ಥನ್ ಕಣಿವೆಗೆ ತಿರುಗಿದ ಮೇಲೆ ನೀರಿನ ಬಣ್ಣವೇ ಬದಲಾಗುತ್ತದೆ. ಚಳಿಗಾಲದಲ್ಲಿ ಮೇಲಿನ ಹಿಮ ಕರಗದೆ ನಿಂತಿರುವುದರಿಂದ ಕೆಸರಿಲ್ಲ, ನೀರು ಕಡಿಮೆ, ತಿಳಿ ಹಸಿರು. ಜಲವಿದ್ಯುತ್ ಯೋಜನೆಗಳು ಬೇಡ ಎಂದು ಇಲ್ಲಿನ ಜನ ಕೋರ್ಟ್‌ವರೆಗೂ ಹೋಗಿ ಗುದ್ದಾಡಿದ್ದಾರೆ. ನದಿ ಹೀಗೆ ಹರಿಯುತ್ತಿರುವುದರ ಹಿಂದೆ ಅವರ ಹಟ ಇದೆ.

ಹೆಜ್ಜೆ 5: ಚೀಲ

ನಮ್ಮವರ ದೊಡ್ಡ ತಪ್ಪು ಒಂದೇ ಒಂದು ದಪ್ಪ ಜಾಕೆಟ್ ಕೊಂಡು ಒಳಗೆ ಕಾಟನ್ ಟೀ ಶರ್ಟ್ ಹಾಕುವುದು. ಕಾಟನ್ ಬೆವರು ಹೀರಿ ಒದ್ದೆಯಾಗಿ ಮೈಯನ್ನು ತಣ್ಣಗಾಗಿಸುತ್ತದೆ. ಮೈಗೆ ಅಂಟುವ ಥರ್ಮಲ್, ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಮೂರು ಪದರ. ಬಿಸಿಲು ಬಂದಾಗ ಒಂದು ಕಳಚಿ, ಹೋದಾಗ ಹಾಕಿಕೊಳ್ಳಿ. ಈ ಕಣಿವೆಯಲ್ಲಿ ಬಿಸಿಲು ಬೆಟ್ಟದ ಹಿಂದೆ ಸರಿದ ಐದು ನಿಮಿಷದಲ್ಲಿ ಉಷ್ಣಾಂಶ ಬೀಳುವುದು ಗೊತ್ತಾಗುತ್ತದೆ.

ಕಿವಿ ಮುಚ್ಚುವ ಟೋಪಿ, ಕೈಗವಸು, ನಾಲ್ಕು ಜೊತೆ ಉಣ್ಣೆ ಸಾಕ್ಸ್. ಸಾಕ್ಸ್ ಎರಡು ಜೊತೆ ಒಯ್ದು ಉಳಿದದ್ದನ್ನು ಅಲ್ಲಿಯ ಹೆಂಗಸರು ಹೆಣೆದದ್ದರಿಂದ ಕೊಳ್ಳಿ. ಅಂಗಡಿಯ ಮಾಲಿಗಿಂತ ಬೆಚ್ಚಗೆ. ಶೂಗೆ ಹಿಡಿತ ಇರಬೇಕು, ಓಡುವ ಶೂಗಳು ಮಂಜುಗಡ್ಡೆಯ ಮೇಲೆ ಜಾರುತ್ತವೆ. ಮನೆಯೊಳಗೆ ಹಾಕಲು ದಪ್ಪ ಚಪ್ಪಲಿ ಬೇರೆ.

ಕೊಬ್ಬರಿ ಎಣ್ಣೆ ಒಯ್ಯಬೇಡಿ, ಬಾಟಲಿಯಿಂದ ಹೊರಬರುವುದಿಲ್ಲ. ತುಟಿ, ಹಿಮ್ಮಡಿಗೆ ವ್ಯಾಸಲೀನ್. ಹಿಮ ನೋಡಲು ಹೋಗುವ ದಿನಕ್ಕೆ ಕೂಲಿಂಗ್ ಗ್ಲಾಸ್. ಫೋನಿನ ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ, ರಾತ್ರಿ ಅದನ್ನೂ ರಜಾಯಿಯೊಳಗೆ ಮಲಗಿಸಿ. ಟಾರ್ಚ್, ಪವರ್ ಬ್ಯಾಂಕ್, ಮನೆ ಔಷಧಿ. ನಗದು ಸಾಕಷ್ಟು ಇರಲಿ. ಎಟಿಎಂ ಇರುವುದು ಬಂಜಾರ್ ಪೇಟೆಯಲ್ಲಿ. ಹಿಮ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕ್ ಹೋಗುತ್ತದೆ, ನೆಟ್‌ವರ್ಕ್ ಹೋದರೆ ಫೋನ್ ಪೇ ಕೂಡ.

ಸಣ್ಣ ಫಿಲ್ಟರ್ ಮತ್ತು ಕಾಫಿ ಪುಡಿಯನ್ನು ನಾನು ಬಿಡದೆ ಒಯ್ಯುತ್ತೇನೆ. ಅಡುಗೆಮನೆಯಲ್ಲಿ ಕೇಳಿದರೆ ಹಾಲು, ಬಿಸಿನೀರು ಕೊಡುತ್ತಾರೆ. ಒಮ್ಮೆ ಮನೆಯೊಡತಿಗೂ ಒಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, ಇದಕ್ಕಿಂತ ನಮ್ಮ ಚಹಾವೇ ವಾಸಿ ಅನ್ನುವ ಮುಖ ಮಾಡಿದರು. ಸಾರಿನ ಪುಡಿ ಮಾತ್ರ ಗೆದ್ದಿತು.

ಹೆಜ್ಜೆ 6: ದಿನಗಳನ್ನು ಬಿಸಿಲಿಗೆ ಹೊಂದಿಸಿ

ಬೆಳಗ್ಗೆ ಬೇಗ ಎದ್ದು ಓಡುವ ಪ್ರವಾಸ ಇದಲ್ಲ. ಸೂರ್ಯೋದಯ ಏಳೂಕಾಲಕ್ಕೆ ಆದರೂ ಕಣಿವೆಯೊಳಗೆ ಬಿಸಿಲು ಬರುವುದು ಹತ್ತರ ಹೊತ್ತಿಗೆ. ಅಲ್ಲಿವರೆಗೆ ರಜಾಯಿ, ಚಹಾ, ತಂದೂರ್. ಹತ್ತರಿಂದ ಮೂರರವರೆಗೆ ಹೊರಗೆ. ಮೂರೂವರೆಗೆ ಒಳಗೆ. ಇಷ್ಟೇ ವೇಳಾಪಟ್ಟಿ.

ಮೊದಲ ದಿನ ಏನೂ ಮಾಡಬೇಡಿ. ರಾತ್ರಿ ನದಿಯ ಸದ್ದಿಗೆ ಎಚ್ಚರವಾಗಿ ಮಳೆ ಬರುತ್ತಿದೆ ಅಂದುಕೊಳ್ಳುತ್ತೀರಿ. ನಾನು ಎದ್ದು ಹೊರಗೆ ಒಣಗಿಸಿದ್ದ ಬಟ್ಟೆ ತೆಗೆಯಲು ಹೋಗಿದ್ದೆ. ಆಕಾಶದ ತುಂಬ ನಕ್ಷತ್ರ. ಎರಡನೇ ರಾತ್ರಿಯಿಂದ ಅದೇ ಸದ್ದು ಜೋಗುಳ.

ಎರಡನೇ ದಿನ ನದಿಯ ಜೊತೆ ನಡೆಯಿರಿ. ಗುಶೈನಿಯಿಂದ ಮೇಲೆ ರೋಲಾ ಕಡೆಗೆ ಹೋಗುವ ಕಾಲುದಾರಿ ಉದ್ಯಾನದ ಅಂಚಿನವರೆಗೆ ಒಯ್ಯುತ್ತದೆ. ಪೂರ್ತಿ ಹೋಗಿ ಬರಲು ಚಳಿಗಾಲದ ಹಗಲು ಸಾಲದು. ಎರಡು ಗಂಟೆ ನಡೆದು ಹಿಂದಿರುಗಿ. ಉದ್ಯಾನದ ಒಳಭಾಗಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಸಾಯಿ ರೋಪಾದ ಕಚೇರಿಯಲ್ಲಿ ವಿಚಾರಿಸಿ. ಅಷ್ಟು ನಡೆಯಲು ಆಗದವರಿಗೆ ನಾಗಿನಿ ಹತ್ತಿರದ ಛೋಯಿ ಜಲಪಾತದ ದಾರಿ ಸಾಕು.

ನಡೆಯುವಾಗ ಹೊಳೆಯ ಬಂಡೆಗಳ ಮೇಲೆ ಕಣ್ಣಿರಲಿ. ಕಂದು ಬಣ್ಣದ, ಗುಬ್ಬಿಗಿಂತ ದಪ್ಪಗಿನ ಒಂದು ಹಕ್ಕಿ ಕೂತಲ್ಲೇ ಮಂಡಿ ಬಗ್ಗಿಸಿ ಏಳುತ್ತಾ, ಬಸ್ಕಿ ಹೊಡೆಯುತ್ತಾ ಇರುತ್ತದೆ. ಡಿಪ್ಪರ್ ಅದರ ಹೆಸರು. ನೋಡುತ್ತಿದ್ದಂತೆ ಆ ಕೊರೆಯುವ ನೀರಿಗೆ ಮುಳುಗಿ, ತಳದಲ್ಲಿ ಹುಳ ಹೆಕ್ಕಿ, ಇನ್ನೆಲ್ಲೋ ಏಳುತ್ತದೆ. ನಾನು ಕೈಗವಸು ಹಾಕಿಕೊಂಡು, ಟೋಪಿ ಎಳೆದುಕೊಂಡು ಅದನ್ನೇ ಅರ್ಧ ಗಂಟೆ ನೋಡಿದ್ದೇನೆ. ಬಿಳಿ ನೆತ್ತಿಯ, ಇಟ್ಟಿಗೆ ಕೆಂಪು ಹೊಟ್ಟೆಯ ರೆಡ್‌ಸ್ಟಾರ್ಟ್ ಹಕ್ಕಿಗಳೂ ಚಳಿಗೆ ಮೇಲಿನಿಂದ ಕೆಳಗಿಳಿದಿರುತ್ತವೆ. ದುರ್ಬೀನು ಇದ್ದರೆ ಒಯ್ಯಿರಿ.

ಮೀನು ಹಿಡಿಯುವ ಆಸೆ ಇದ್ದರೆ ನಿರಾಸೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ನದಿಯಲ್ಲಿ ಗಾಳ ಹಾಕುವುದಕ್ಕೆ ನಿಷೇಧ. "ನಾನು ಹಿಡಿಸ್ತೀನಿ ಬನ್ನಿ" ಅನ್ನುವವರು ಸಿಕ್ಕರೆ ಹೋಗಬೇಡಿ. ತಿನ್ನಲು ಸಾಕಣೆಯ ಟ್ರೌಟ್ ಸಿಗುತ್ತದೆ.

ಮೂರನೇ ದಿನ ಚೆಹನಿ ಕೋಠಿ. ಬಂಜಾರ್ ಹತ್ತಿರ ರಸ್ತೆ ಬಿಟ್ಟು ಗುಡ್ಡ ಹತ್ತಿದರೆ ಕಾಠ್‌ಕುಣಿ ಶೈಲಿಯ ಎತ್ತರದ ಗೋಪುರ. 1905ರ ಕಾಂಗ್ಡಾ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಬಿದ್ದವು ಅನ್ನುತ್ತಾರೆ, ಆದರೂ ತಲೆಯೆತ್ತಿ ನೋಡಬೇಕು. ಹತ್ತಿರದ ಬಾಗಿಯಲ್ಲಿ ಶೃಂಗ ಋಷಿಯ ಗುಡಿ. ಬಂಜಾರ್ ಸೀಮೆಗೆ ಅವನೇ ದೊಡ್ಡ ದೇವರು. ಆ ಹೆಸರು ಕೇಳಿದಾಗ ನನಗೆ ಕಿಗ್ಗದ ನೆನಪಾಯಿತು. ಶೃಂಗೇರಿ ಹತ್ತಿರ, ಮಳೆಗಾಗಿ ಜನ ಬೇಡಿಕೊಳ್ಳುವ ಅದೇ ಋಷ್ಯಶೃಂಗ. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ದೇವದಾರುಗಳ ನಡುವೆ, ನಮ್ಮ ಮಲೆನಾಡಿನ ದೇವರೇ ಕೂತಿದ್ದಾನೆ. ಪೂಜಾರಿಗೆ ನನ್ನ ಮುರುಕು ಹಿಂದಿಯಲ್ಲಿ ಇದನ್ನು ಹೇಳಿದೆ. "ಅಲ್ಲಿಯೂ ಮಳೆ ಕೊಡುತ್ತಾನಾ?" ಎಂದು ಕೇಳಿದರು. ಜಾಸ್ತಿಯೇ ಕೊಡುತ್ತಾನೆ ಅಂದೆ.

ಈ ಕಡೆ ಕೆಲವು ಗುಡಿಗಳ ಕಟ್ಟೆ, ಗೋಡೆಗಳನ್ನು ಹೊರಗಿನವರು ಮುಟ್ಟಬಾರದು ಎಂಬ ಕಟ್ಟಳೆ ಇದೆ. ಚರ್ಮದ ಬೆಲ್ಟ್, ಪರ್ಸಿಗೂ ತಕರಾರು ಇರಬಹುದು. ಕೇಳಿಯೇ ಹತ್ತಿರ ಹೋಗಿ. ಮಕರ ಸಂಕ್ರಾಂತಿಯ ಹೊತ್ತಿಗೆ ಕುಲ್ಲು ಸೀಮೆಯ ಅನೇಕ ದೇವತೆಗಳು ಸ್ವರ್ಗಕ್ಕೆ ಹೋಗುತ್ತಾರೆ ಎಂಬ ನಂಬಿಕೆ. ಆಗ ಗುಡಿಯ ಬಾಗಿಲು ಮುಚ್ಚಿದ್ದರೆ ಬೇಸರ ಮಾಡಬೇಡಿ, ದೇವರಿಗೂ ರಜೆ.

ನಾಲ್ಕನೇ ದಿನ, ಆಕಾಶ ತಿಳಿಯಾಗಿದ್ದರೆ, ಹಿಮ ನೋಡಲು ಶೋಜಾ ಕಡೆಗೆ. ಅಲ್ಲಿಂದ 5 ಕಿಲೋಮೀಟರ್ ಮೇಲೆ ಬೆಟ್ಟ ದಾಟುವ ದಾರಿ ಜಲೋರಿ ಪಾಸ್, 3,120 ಮೀಟರ್. ಹಿಮ ಬಿದ್ದ ಮೇಲೆ ಪಾಸ್ ಮುಚ್ಚುತ್ತದೆ. ಎಲ್ಲಿವರೆಗೆ ಹೋಗಬಹುದು ಎಂದು ಬೆಳಗ್ಗೆಯೇ ಊರಿನ ಚಾಲಕರನ್ನು ಕೇಳಿ. ನೆನಪಿಡಿ, ಊರಿನ ಚಾಲಕರನ್ನು. ಬಯಲಿನಿಂದ ಬಂದ ಟ್ಯಾಕ್ಸಿಯವರನ್ನಲ್ಲ. ಒಮ್ಮೆ ಅಂಥ ಒಬ್ಬರು "ಏನೂ ಆಗಲ್ಲ" ಅನ್ನುತ್ತಾ ನೆರಳಿನ ತಿರುವಿಗೆ ಗಾಡಿ ಏರಿಸಿದರು. ರಸ್ತೆ ಒದ್ದೆಯಾಗಿದೆ ಅಂತ ಕಂಡದ್ದು ಒದ್ದೆಯಲ್ಲ, ಗಾಜಿನಂಥ ಮಂಜುಗಡ್ಡೆ. ಗಾಡಿ ತಾನಾಗಿಯೇ ಹಿಂದೆ ಜಾರತೊಡಗಿತು. ಕಲ್ಲಿನ ಕಟ್ಟೆಗೆ ತಾಗಿ ನಿಂತಿತು, ಪುಣ್ಯ. ಅವತ್ತಿನಿಂದ ನಾನು ಶೋಜಾಗೆ ಮುಂಚೆಯೇ ಇಳಿದು ನಡೆಯುತ್ತೇನೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಕೆಳಗೆ ಇಳಿಯತೊಡಗಿ. ಹಗಲು ಕರಗಿದ ನೀರು ಸಂಜೆ ಮತ್ತೆ ಗಡ್ಡೆಯಾಗುತ್ತದೆ.

ಊಟದ ಮಾತು. ಸಿಡ್ಡು ತಿನ್ನದೆ ಬರಬೇಡಿ. ಹುಳಿ ಬರಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು ಅಥವಾ ಗಸಗಸೆಯ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಕತ್ತರಿಸಿ ಮೇಲೆ ತುಪ್ಪ ಸುರಿಯುತ್ತಾರೆ. ನಮ್ಮ ಕಡುಬಿನ ದೂರದ ನೆಂಟ. ಹಿಟ್ಟು ಹುದುಗಬೇಕಾದ್ದರಿಂದ ಬೆಳಗ್ಗೆಯೇ ಹೇಳಿಡಿ. ರಾಜ್ಮಾ, ಅನ್ನ ಯಾವತ್ತೂ ಇರುತ್ತದೆ. ಪನ್ನೀರ್ ಬಟರ್ ಮಸಾಲ ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳಬೇಡಿ. ಮನೆಯವರು ಏನು ತಿನ್ನುತ್ತಾರೋ ಅದನ್ನೇ ಕೊಡಿ ಎನ್ನಿ.

ಹೆಜ್ಜೆ 7: ಹುಷಾರು ತಪ್ಪಿದರೆ

ಗುಶೈನಿಯ ಎತ್ತರಕ್ಕೆ ಉಸಿರಿನ ತೊಂದರೆ ಆಗುವುದಿಲ್ಲ. ತೊಂದರೆ ಆಗುವುದು ಜಾರಿ ಬಿದ್ದು, ಅಥವಾ ನೀರು ಕಡಿಮೆ ಕುಡಿದು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಬಿಸಿನೀರು ಗುಟುಕರಿಸುತ್ತಿರಿ. ಮದ್ಯ ಮೈ ಬೆಚ್ಚಗೆ ಮಾಡುತ್ತದೆ ಅನ್ನುವುದು ಭ್ರಮೆ. ಚರ್ಮಕ್ಕೆ ರಕ್ತ ನುಗ್ಗಿ ಬಿಸಿ ಅನ್ನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಬಿಪಿ, ಆಸ್ತಮಾ ಇದ್ದವರು ಮುಂಚೆ ತಮ್ಮ ಡಾಕ್ಟರನ್ನು ಕೇಳಿ, ಮಾತ್ರೆಗಳನ್ನು ಎರಡು ದಿನ ಜಾಸ್ತಿಯೇ ಒಯ್ಯಿರಿ. ಹತ್ತಿರದ ಆಸ್ಪತ್ರೆ ಬಂಜಾರ್‌ನಲ್ಲಿದೆ, ದೊಡ್ಡದು ಬೇಕಾದರೆ ಕುಲ್ಲು. ಆಂಬುಲೆನ್ಸ್‌ಗೆ 108, ತುರ್ತಿಗೆ 112.

ಹೆಜ್ಜೆ 8: ವಾಪಸ್

ಕಣಿವೆಯಿಂದ ಇಳಿದ ದಿನವೇ ವಿಮಾನ ಹಿಡಿಯುವ ಸಾಹಸ ಮಾಡಬೇಡಿ. ಪಂಡೋಹ್ ಬಳಿ ಒಂದು ಬಂಡೆ ಉರುಳಿದರೆ ಟಿಕೆಟ್ ದುಡ್ಡು ಹೋಯಿತು. ಹಿಂದಿನ ರಾತ್ರಿ ಚಂಡೀಗಡದಲ್ಲಿ ಇರಿ. ಆ ಹೆಚ್ಚುವರಿ ದಿನ ಅಷ್ಟರೊಳಗೆ ಖರ್ಚಾಗಿಲ್ಲದಿದ್ದರೆ ಕಣಿವೆಯಲ್ಲೇ ಕಳೆಯಿರಿ, ಬೇರೆ ಊರು ಸೇರಿಸಬೇಡಿ.

ಹೊರಡುವ ಬೆಳಗ್ಗೆ ಬಂಜಾರ್ ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ. ಅಕ್ರೋಟು, ರಾಜ್ಮಾ ಕೊಳ್ಳಲು ಅದೇ ಜಾಗ. ಅಕ್ರೋಟನ್ನು ಒಂದು ಒಡೆದು ತಿಂದು ನೋಡಿಯೇ ಕೊಳ್ಳಿ, ಹಳೆಯದಾದರೆ ಕಮಟು ಬರುತ್ತದೆ. ಮನೆಗೆ ಬಂದು ರಾಜ್ಮಾವನ್ನು ರಾತ್ರಿಯಿಡೀ ನೆನೆಸಿ. ನಾನು ಮೊದಲ ಸಲ ಅಲಸಂದೆ ಅಂದುಕೊಂಡು ಎರಡು ಗಂಟೆ ನೆನೆಸಿದ್ದೆ, ಆರು ಸೀಟಿಯಾದರೂ ಬೇಯಲಿಲ್ಲ.